ಮೆಹಮಾನ್ ಕಾರ್ಮಿಕರು ಮತ್ತು 1973ರ ಜರ್ಮನಿ

ಜರ್ಮನ್ ಭಾಷೆಯಲ್ಲಿ 'ಗಾಸ್ಟ್‌ಆರ್ಬೈಟರ್' ಅಂತ ಒಂದು ಪದ ಇದೆ. ಅಂದರೆ ಅತಿಥಿ ಕಾರ್ಮಿಕ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಮೆಹಮಾನನ ಕೈಗೆ ಕೆಲಸ ಕೊಡೋದು ಮನೆಯವರಿಗೇ ನಾಚಿಕೆ. ಪಶ್ಚಿಮ ಜರ್ಮನಿ ಕರೆದದ್ದೇ ಕೆಲಸಕ್ಕೆ. ಮುಗಿದ ಮೇಲೆ ಹೊರಡಬೇಕು ಅನ್ನುವುದಷ್ಟೇ ಆ ಪದದಲ್ಲಿದ್ದ ಅತಿಥಿತನ.

ಮಾಲೀಕರು ಮತ್ತು ಕಾರ್ಮಿಕರ ಸಂಬಂಧದಲ್ಲಿ ಆ ದೇಶ ದೊಡ್ಡ ಹೆಸರು ಮಾಡಿತ್ತು, ಅದು ಸುಳ್ಳೂ ಅಲ್ಲ. 1951ರ ಕಾನೂನಿನಂತೆ ಸಾವಿರಕ್ಕಿಂತ ಹೆಚ್ಚು ಜನ ದುಡಿಯುವ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರ ಕಡೆಯವರಿಗೆ ಮಾಲೀಕರ ಕಡೆಯವರಷ್ಟೇ ಸ್ಥಾನ. 1952ರ ಕಾನೂನು ಕಾರ್ಖಾನೆಯೊಳಗಿನ ಚುನಾಯಿತ ಕಾರ್ಮಿಕ ಮಂಡಳಿಗೆ ಬಲ ಕೊಟ್ಟಿತು. ಆದರೆ ಈ ಮಂಡಳಿ ಮುಷ್ಕರಕ್ಕೆ ಕರೆ ಕೊಡುವಂತಿಲ್ಲ, ಅದು ಯೂನಿಯನ್ನಿನ ಹಕ್ಕು. ಈ ಅಂಶ ನೆನಪಿರಲಿ, ಮುಂದೆ ಬೇಕಾಗುತ್ತೆ.

ಕಾರ್ಖಾನೆಗಳು ಬೆಳೆದವು, ಆಳು ಸಾಲಲಿಲ್ಲ. 1955ರಲ್ಲಿ ಇಟಲಿಯ ಜೊತೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ಜೊತೆ ಒಪ್ಪಂದವಾಯಿತು. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವದಿಂದ ಬರುವವರೂ ನಿಂತರು. ಅದೇ ಅಕ್ಟೋಬರ್‌ನಲ್ಲಿ ತುರ್ಕಿಯ ಒಪ್ಪಂದ. ಇಸ್ತಾಂಬುಲ್‌ನಲ್ಲಿ ಹಲ್ಲು, ಮೂತ್ರ ಎಲ್ಲಾ ಪರೀಕ್ಷೆ ಮಾಡಿ ಆರಿಸಿದವರನ್ನು ರೈಲಿನಲ್ಲಿ ಮ್ಯೂನಿಕ್‌ಗೆ ಕಳಿಸುತ್ತಿದ್ದರು. ಎರಡೇ ವರ್ಷ ಇರಬೇಕು, ಆಮೇಲೆ ಹೊಸಬರು ಬರಬೇಕು ಅನ್ನುವುದು ಲೆಕ್ಕ. ಆದರೆ ಕೆಲಸ ಕಲಿತವನನ್ನು ಕಳಿಸಿ ಹೊಸಬನಿಗೆ ಮತ್ತೆ ಕಲಿಸೋದು ಯಾರಿಗೆ ಬೇಕು? ಮಾಲೀಕರೇ ಒತ್ತಾಯಿಸಿದರು, 1964ರಲ್ಲಿ ಆ ಮಿತಿ ಹೋಯಿತು. ಕಾರ್ಖಾನೆ ಮಂಡಳಿಗೆ ಸ್ಪರ್ಧಿಸುವ ಹಕ್ಕು ತುರ್ಕಿಯವರಿಗೆ ಸಿಕ್ಕಿದ್ದು ಮಾತ್ರ 1972ರಲ್ಲಿ.

1973ರ ಬೇಸಿಗೆಯಲ್ಲಿ ಬೆಲೆಗಳು ಏರುತ್ತಿದ್ದವು. ಕಲೋನ್ ನಗರದ ಫೋರ್ಡ್ ಕಾರ್ಖಾನೆಯಲ್ಲಿ ಮೂರನೇ ಒಂದು ಭಾಗದಷ್ಟು ತುರ್ಕಿಯವರಿದ್ದರು, ಹೆಚ್ಚಿನವರು ಅಸೆಂಬ್ಲಿ ಲೈನಿನಲ್ಲಿ. ಊರಿಗೆ ಕಾರಿನಲ್ಲಿ ಹೋಗಿಬರಲಿಕ್ಕೇ ರಜೆಯ ಎಷ್ಟೋ ದಿನ ಹೋಗಿಬಿಡುತ್ತಿತ್ತು. ರಜೆಯಿಂದ ತಡವಾಗಿ ಬಂದರು ಅಂತ ಸುಮಾರು 300 ತುರ್ಕಿ ಕಾರ್ಮಿಕರನ್ನು ಕಂಪನಿ ತೆಗೆದುಹಾಕಿತು. ಅವರ ಪಾಲಿನ ಕೆಲಸ ಉಳಿದವರ ಮೇಲೆ ಬಿತ್ತು. ಆಗಸ್ಟ್ 24ರಂದು ಲೈನ್ ನಿಂತಿತು. ತೆಗೆದವರನ್ನು ವಾಪಸ್ ತಗೊಳ್ಳಿ, ಗಂಟೆಗೆ ಒಂದು ಮಾರ್ಕ್ ಹೆಚ್ಚು ಕೊಡಿ, ಲೈನಿನ ವೇಗ ಇಳಿಸಿ, ಆರು ವಾರ ರಜೆ ಕೊಡಿ ಎಂದು ಕೇಳಿದರು. ಯೂನಿಯನ್ ಬೆನ್ನಿಗೆ ನಿಲ್ಲಲಿಲ್ಲ, ಮಂಡಳಿಯೂ ಇಲ್ಲ. ಪತ್ರಿಕೆಗಳು ಇದನ್ನು 'ತುರ್ಕಿ ಮುಷ್ಕರ' ಅಂದವು. ಆ ಎರಡು ಪದ ಸಾಕಾಯಿತು, ಕೂಲಿಯ ಜಗಳ ಪರದೇಶಿಗಳ ಗಲಾಟೆ ಆಗಿಹೋಯಿತು. ಆಗಸ್ಟ್ 30ರಂದು ಎದುರು ಮೆರವಣಿಗೆ, ಪೊಲೀಸರು, ಬಂಧನ. ಅಲ್ಲಿಗೆ ಮುಗಿಯಿತು.

ಅದೇ ತಿಂಗಳು, ಹತ್ತಿರದ ನೋಯ್ಸ್ ಪಟ್ಟಣದಲ್ಲಿ ನಡೆದದ್ದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿನ ಪಿಯರ್‌ಬುರ್ಗ್ ಕಂಪನಿ ಕಾರ್ಬ್ಯುರೇಟರ್ ಮಾಡುತ್ತಿತ್ತು. ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗ್ರೀಸ್, ತುರ್ಕಿ, ಯುಗೊಸ್ಲಾವಿಯಾ ಮುಂತಾದ ಕಡೆಯಿಂದ ಬಂದ ಹೆಂಗಸರು. 'ಹಗುರ ಕೆಲಸ' ಎಂಬ ಹೆಸರಿನಲ್ಲಿ ಅವರಿಗೆ ಅತಿ ಕಡಿಮೆ ಕೂಲಿಯ ದರ್ಜೆ. ಅದನ್ನು ರದ್ದು ಮಾಡಿ ಅಂತ ಅವರು ಕೆಲಸ ನಿಲ್ಲಿಸಿದರು. ಇದಕ್ಕೂ ಯೂನಿಯನ್ನಿನ ಅಧಿಕೃತ ಕರೆ ಇರಲಿಲ್ಲ, ಪೊಲೀಸರು ಇಲ್ಲೂ ಬಂದರು. ಆದರೆ ಜರ್ಮನ್ ನುರಿತ ಕೆಲಸಗಾರರು ಯಂತ್ರ ನಿಲ್ಲಿಸಿ ಹೆಂಗಸರ ಜೊತೆ ಸೇರಿದರು. ಆ ದರ್ಜೆ ಹೋಯಿತು, ಕೂಲಿಯೂ ಏರಿತು. ಕಲೋನ್‌ನಲ್ಲಿ ಇಲ್ಲದೇ ಹೋದದ್ದು ಇದೇ ಜೊತೆ ಅಂತ ನನ್ನ ಅನಿಸಿಕೆ. ಧರ್ಮ, ಭಾಷೆಯ ಅಂತರ ಎರಡೂ ಕಡೆ ಇತ್ತಲ್ಲ.

ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಬಂತು. ನವೆಂಬರ್ 23ಕ್ಕೆ ಸರ್ಕಾರ ನೇಮಕಾತಿ ನಿಲ್ಲಿಸಿತು. ಆಗ ಅಲ್ಲಿ ಸುಮಾರು 26 ಲಕ್ಷ ವಿದೇಶಿ ಕಾರ್ಮಿಕರಿದ್ದರು. ಒಮ್ಮೆ ಹೋದರೆ ಮತ್ತೆ ಬಿಡೋದಿಲ್ಲ ಎಂಬ ಭಯಕ್ಕೆ ಹಲವರು ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಜನರನ್ನು ಕಡಿಮೆ ಮಾಡಲು ತಂದ ಆದೇಶವೇ ಅವರನ್ನು ಅಲ್ಲಿ ನೆಲೆಗೊಳಿಸಿತು. 1983ರಲ್ಲಿ ವಾಪಸ್ ಹೋಗುವವರಿಗೆ 10,500 ಮಾರ್ಕ್ ಕೊಡುವ ಕಾನೂನೂ ಬಂತು.

ಆಮೇಲೆ ಈ ಅಭದ್ರತೆ ಜರ್ಮನ್ನರ ಬಾಗಿಲಿಗೂ ಬಂತು. 2003ರಿಂದ ಶ್ರೋಡರ್ ಸರ್ಕಾರ ಬಾಡಿಗೆ ಕಾರ್ಮಿಕರ ನಿಯಮ ಸಡಿಲಿಸಿತು, ಸಣ್ಣ ಸಂಬಳದ ಕೆಲಸಗಳಿಗೆ ದಾರಿ ಮಾಡಿತು, 2005ರಲ್ಲಿ ದೀರ್ಘಕಾಲದ ನಿರುದ್ಯೋಗಿಗಳ ಭತ್ಯೆ ಕತ್ತರಿಸಿತು. ಕೂಲಿಯನ್ನು ಯೂನಿಯನ್ ಮತ್ತು ಮಾಲೀಕರೇ ಮಾತಾಡಿ ನಿಗದಿ ಮಾಡುತ್ತಿದ್ದ ದೇಶ 2015ರ ಜನವರಿಯಲ್ಲಿ ಮೊದಲ ಸಲ ದೇಶಕ್ಕೆಲ್ಲಾ ಒಂದು ಕನಿಷ್ಠ ಕೂಲಿಯನ್ನು ಕಾನೂನಿನಿಂದ ಗೊತ್ತು ಮಾಡಿತು, ಗಂಟೆಗೆ 8.50 ಯೂರೋ.