"ಮನೆಯಲ್ಲೇ ಒಂದು ಗುಟುಕು ಕೊಟ್ಟರೆ ಮಗ ಹೊರಗೆ ಕುಡಿಯಲ್ಲ": ಈ ನಂಬಿಕೆ ನಿಜವೇ?

ಮಾರಿಹಬ್ಬದ ಬಾಡೂಟದ ದಿನ. ಹೈಸ್ಕೂಲು ಓದುವ ಹುಡುಗ ದೊಡ್ಡವರ ಗುಂಪಿನ ಪಕ್ಕ ನಿಂತಿದ್ದಾನೆ. "ಒಂದು ಗುಟುಕು ಕುಡೀಲಿ ಬಿಡ್ರಿ, ಏನಾಗ್ತತಿ? ಮನೇಲೇ ರುಚಿ ನೋಡಿದ್ರೆ ಹೊರಗೆ ಹೋಗಿ ಕೆಡಲ್ಲ" ಅನ್ನುತ್ತಾರೆ ಯಾರೋ. ಚನ್ನಗಿರಿ ತಾಲ್ಲೂಕಿನ ನಲ್ಲೂರಿರಲಿ, ಬೆಂಗಳೂರಿನ ಬಡಾವಣೆಯಿರಲಿ, ಈ ಮಾತು ಕೇಳದವರು ಕಡಿಮೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಮಾತು ಸರಿಯೇ?

ಚಿಕ್ಕ ಉತ್ತರ: ಇಲ್ಲ.

ಅಧ್ಯಯನ ಏನು ಹೇಳುತ್ತದೆ?

ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನೂ ಅವರ ಪೋಷಕರನ್ನೂ 6 ವರ್ಷ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತಂದೆ ತಾಯಿಯಿಂದಲೇ ಮದ್ಯ ಪಡೆದ ಮಕ್ಕಳು ಮುಂದೆ ಬೇರೆಯವರಿಂದಲೂ ಮದ್ಯ ಪಡೆಯುವ, ಮಿತಿಮೀರಿ ಕುಡಿಯುವ ಸಾಧ್ಯತೆ ಹೆಚ್ಚಿತ್ತು. ಪೋಷಕರು ಕೊಟ್ಟದ್ದೊಂದೇ ಇದಕ್ಕೆ ಕಾರಣ ಎಂದು ಹೇಳಲಾಗದು. ಆದರೆ ಹಾಗೆ ಕೊಡುವುದರಿಂದ ಮಕ್ಕಳಿಗೆ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ.

ಕುಡಿಯಲು ಶುರು ಮಾಡುವ ವಯಸ್ಸೂ ಮುಖ್ಯ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ, 15 ವರ್ಷಕ್ಕೆ ಮೊದಲೇ ಶುರು ಮಾಡಿದವರಲ್ಲಿ ಸುಮಾರು 40% ಮಂದಿ ಜೀವನದ ಯಾವುದೋ ಘಟ್ಟದಲ್ಲಿ ಮದ್ಯಕ್ಕೆ ಅಂಟಿಕೊಂಡಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಈ ಪ್ರಮಾಣ ಸುಮಾರು 10%. ಮಿದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. "ಸಾಕು, ನಿಲ್ಲಿಸು" ಎಂದು ಹೇಳುವ ಮುಂಭಾಗ ಕೊನೆಗೆ ಬಲಿಯುತ್ತದೆ.

"ಬರೀ ಬಿಯರ್ ಅಲ್ವಾ?"

ಲೆಕ್ಕ ನೋಡೋಣ. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 8% ಇರುವ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ಅಂದರೆ ಒಂದು ಬಾಟಲಿ ಬಿಯರ್, 30 ಮಿ.ಲೀ.ಯ ನಾಲ್ಕು ಪೆಗ್‌ಗೆ ಸಮ.

ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಂತಿತು. ಈಗ ಅಗ್ಗದ ವಿಸ್ಕಿ, ಬ್ರಾಂದಿ 90 ಮಿ.ಲೀ. ಪ್ಯಾಕೆಟ್‌ನಲ್ಲೇ ಸಿಗುತ್ತದೆ. ಜೇಬಿನಲ್ಲಿ ಅಡಗುವ ಆ ಪ್ಯಾಕೆಟ್‌ನಲ್ಲಿ ಮೂರು ಪೆಗ್ ಇದೆ. ನಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಯಕೃತ್ತು ತನ್ನ ವೇಗದಲ್ಲೇ ಕೆಲಸ ಮಾಡುತ್ತದೆ.

ಕಾನೂನು ಏನನ್ನುತ್ತದೆ?

ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಪ್ರಸ್ತಾಪ ಬಂದಿತ್ತು. ವಿರೋಧದ ನಂತರ ಸರ್ಕಾರ ಕೈಬಿಟ್ಟಿತು. ಇನ್ನು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ 18 ವರ್ಷದೊಳಗಿನವರಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯವನಿಗೆ ಮಾತ್ರವಲ್ಲ, ಕೊಟ್ಟವರು ಯಾರೇ ಆದರೂ ಇದು ಅನ್ವಯ. ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದೂ ಅಪರಾಧವೇ.

ಊರು ಏನು ಮಾಡಬಹುದು?

ಭಾಷಣ, ಜಾಥಾ ಬೇಕು. ಅಷ್ಟೇ ಸಾಲದು. ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳ ಪೈಕಿ 42% ಮಂದಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು 5%ಕ್ಕೆ ಇಳಿಯಿತು. ಅಲ್ಲಿ ಪೋಷಕರು ಒಟ್ಟಾಗಿ ಒಂದೇ ನಿಯಮ ಪಾಲಿಸಿದರು, ಮಕ್ಕಳು ರಾತ್ರಿ ಹೊತ್ತು ಹೊರಗೆ ತಿರುಗುವುದಕ್ಕೆ ಮಿತಿ ಬಂತು, ಆಟ ಮತ್ತು ಸಂಗೀತಕ್ಕೆ ಹಣಕಾಸಿನ ನೆರವು ಸಿಕ್ಕಿತು.

ನಮ್ಮಲ್ಲೂ ದಾರಿಗಳಿವೆ. ಸಂಜೆ ಹುಡುಗರಿಗೆ ವಾಲಿಬಾಲ್, ಕಬಡ್ಡಿ ಅಂಕಣ ತೆರೆದಿರಲಿ. ಕಿರಾಣಿ ಅಂಗಡಿಯಲ್ಲೋ ಡಾಬಾದಲ್ಲೋ ಕದ್ದು ಮದ್ಯ ಮಾರುತ್ತಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಬಹುದು. ಪಕ್ಕದ ಚಿತ್ರದುರ್ಗದಿಂದ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಬೆಂಗಳೂರಿನವರೆಗೆ ನಡೆದೇ ಹೋದರು. ಕುಡಿತದ ಪೆಟ್ಟು ಮೊದಲು ಬೀಳುವುದು ಯಾರ ಮೇಲೆ ಎಂಬುದನ್ನು ಆ ನಡಿಗೆ ತೋರಿಸಿತು.

ಮನೆಯಲ್ಲಿ ದೊಡ್ಡವರೇ ಕುಡಿಯುತ್ತಿದ್ದರೆ?

ಮಗನನ್ನು ಕುಡಿಸಲು ಕರೆಯಬೇಡಿ, ಪ್ಯಾಕೆಟ್ ತರಲೂ ಕಳಿಸಬೇಡಿ. ಬಿಡಬೇಕೆನ್ನುವವರಿಗೆ ಎರಡು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು; ಎರಡು ಮೂರು ದಿನದೊಳಗೆ ಭ್ರಮೆ ಹಿಡಿದು ಪ್ರಾಣಕ್ಕೂ ಕುತ್ತು ಬರಬಹುದು. ಆದ್ದರಿಂದ ವೈದ್ಯರ ನಿಗಾ ಬೇಕು. "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂದು ಮಾರುವ ಪುಡಿಗಳನ್ನು ನಂಬಬೇಡಿ. ಒಳಗೇನಿದೆ ಎಂದು ತಿಳಿಯದ ಔಷಧಿಯ ಮೇಲೆ ಮದ್ಯ ಬಿದ್ದರೆ ಅಪಾಯ.

ಕುಡಿತದ ಚಟ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಬಗ್ಗೆ ವಿಚಾರಿಸಿ. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098: ಮೂರಕ್ಕೂ ಉಚಿತವಾಗಿ ಕರೆ ಮಾಡಬಹುದು.

ಮುಂದಿನ ಹಬ್ಬದಲ್ಲಿ ಯಾರಾದರೂ "ಒಂದು ಗುಟುಕು ಅಷ್ಟೇ" ಎಂದರೆ, "ಬೇಡ, ಅವನಿನ್ನೂ ಹುಡುಗ" ಎಂದು ಹೇಳಲು ಮನೆಯಲ್ಲಿ ಒಬ್ಬರಿದ್ದರೂ ಸಾಕು.