ಇಂಗುಗುಂಡಿಗೆ ಮಣ್ಣು ತಕ್ಕುದೇ? ಮುರಕಲ್ಲು ನೆಲದ ಪರೀಕ್ಷೆ

ಕರಾವಳಿಯಲ್ಲಿ ಮನೆ ಕಟ್ಟುವವರು ಸೆಪ್ಟಿಕ್ ಟ್ಯಾಂಕಿನ ಅಳತೆಯ ಬಗ್ಗೆ ಮೇಸ್ತ್ರಿಯೊಡನೆ ಚರ್ಚಿಸುವುದುಂಟು. ಟ್ಯಾಂಕಿನಿಂದ ಹೊರಬೀಳುವ ನೀರು ಇಂಗಬೇಕಾದ ನೆಲವನ್ನು ಪರೀಕ್ಷಿಸುವವರು ಮಾತ್ರ ವಿರಳ. ಟ್ಯಾಂಕು ಘನಾಂಶವನ್ನು ತಡೆದು ಕೊಳೆಯಿಸುತ್ತದೆ. ರೋಗಾಣುಗಳು ಬಹುಪಾಲು ನೀರಿನೊಡನೆಯೇ ಹೊರಬರುತ್ತವೆ. ಅವನ್ನು ಶೋಧಿಸುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಒಂದೇ ಹಿತ್ತಿಲಲ್ಲಿ ಇಂಗುಗುಂಡಿಯೂ ಕುಡಿಯುವ ನೀರಿನ ಬಾವಿಯೂ ಇರುವ ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳಲ್ಲಿ ಈ ಪರೀಕ್ಷೆಯನ್ನು ಉಪೇಕ್ಷಿಸುವಂತಿಲ್ಲ.

ಪರೀಕ್ಷೆಯ ಕ್ರಮವನ್ನು ಭಾರತೀಯ ಮಾನಕ ಐಎಸ್ 2470ರ ಎರಡನೇ ಭಾಗ (1985) ವಿವರಿಸಿದೆ. ನೀರು ಇಂಗಿಸಬೇಕಾದ ಆಳದವರೆಗೆ 10ರಿಂದ 30 ಸೆಂ.ಮೀ. ಅಗಲದ ಕುಳಿ ತೋಡಿ, ಗೋಡೆಯನ್ನು ಕೆರೆದು, ತಳಕ್ಕೆ 5 ಸೆಂ.ಮೀ. ಜಲ್ಲಿ ಅಥವಾ ದಪ್ಪ ಮರಳು ಹಾಸಬೇಕು. ನೀರು ತುಂಬಿ ಒಂದು ರಾತ್ರಿ ಬಿಡುವುದು ಮುಖ್ಯ. ಒಣಗಿ ಬಿರಿದ ಎರೆಮಣ್ಣು ಮೊದಲ ಕೊಡ ನೀರನ್ನು ಕ್ಷಣದಲ್ಲಿ ನುಂಗಿ, ನೆನೆದು ಉಬ್ಬಿದ ಬಳಿಕ ಹನಿಯನ್ನೂ ಒಳಗೆ ಬಿಡದಿರುವುದು ಬಯಲುಸೀಮೆಯ ರೈತರಿಗೆ ಗೊತ್ತಿರುವ ಸಂಗತಿ. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, ಅದು 30 ನಿಮಿಷಗಳಲ್ಲಿ ಎಷ್ಟು ಇಳಿಯಿತೆಂದು ಅಳೆಯಬೇಕು. ರಾತ್ರಿಯ ನೀರೆಲ್ಲ ಇಂಗಿಹೋಗಿದ್ದರೆ ನಾಲ್ಕು ಗಂಟೆಗಳ ಕಾಲ ನೀರು ಮರುತುಂಬಿ ಅಳೆದು, ಕೊನೆಯ ಅರ್ಧ ಗಂಟೆಯ ಇಳಿತವನ್ನು ಲೆಕ್ಕಕ್ಕೆ ಹಿಡಿಯಬೇಕು.

2.5 ಸೆಂ.ಮೀ. ಇಳಿಯಲು ಬೇಕಾಗುವ ನಿಮಿಷಗಳೇ ಇಂಗುವಿಕೆಯ ಮಾನ. ಅರ್ಧ ಗಂಟೆಯಲ್ಲಿ 5 ಸೆಂ.ಮೀ. ಇಳಿದರೆ ಮಾನ 15 ನಿಮಿಷ. 30 ನಿಮಿಷದೊಳಗಿದ್ದರೆ ಇಂಗುಗುಂಡಿ ಸಾಕು. 30ರಿಂದ 60ರ ನಡುವೆ ಇದ್ದರೆ ಜಲ್ಲಿ ತುಂಬಿದ, ಆಳವಿಲ್ಲದ ಇಂಗುಚರಂಡಿಗಳು ಬೇಕಾಗುತ್ತವೆ. 60 ಮೀರಿದರೆ ಆ ನೆಲ ನೀರು ಇಂಗಿಸಲು ತಕ್ಕುದಲ್ಲ.

ಆದರೆ ಈ ಅಂಕಿಯನ್ನೇ ನಂಬಿದರೆ ಕರಾವಳಿಯಲ್ಲಿ ಮೋಸಹೋಗುವ ಸಂಭವವಿದೆ. ಮುರಕಲ್ಲಿನ ಪದರದಲ್ಲಿ ಕೊಳವೆಯಂತಹ ರಂಧ್ರಗಳೂ ಬಿರುಕುಗಳೂ ಹೇರಳ. ಗುಂಡಿಗೆ ಬಿಟ್ಟ ನೀರು ಅಲ್ಲಿ ಇಂಗುವುದಿಲ್ಲ, ಹರಿದುಹೋಗುತ್ತದೆ. 'ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ' ಎಂದು ಹೊಗಳಿಸಿಕೊಳ್ಳುವ ಗುಂಡಿಯೇ ನೆರೆಮನೆಯ ಬಾವಿಗೆ ಅಪಾಯಕಾರಿ. ಬಿರುಕುಬಿಟ್ಟ ಶಿಲಾಸ್ತರಗಳು ಮಾಲಿನ್ಯವನ್ನು ಬಹುದೂರ ಒಯ್ಯಬಲ್ಲವಾದ್ದರಿಂದ ಅಂತಹ ಕಡೆ ನೆಲಕ್ಕೆ ಇಂಗಿಸುವ ವ್ಯವಸ್ಥೆಯನ್ನು ಮಾನಕವೂ ಶಿಫಾರಸು ಮಾಡುವುದಿಲ್ಲ. ಮುರಕಲ್ಲಿನ ಕೆಳಗೆ ಸಿಗುವ ಶೇಡಿಮಣ್ಣಿನ ಸ್ವಭಾವ ಇದಕ್ಕೆ ವಿರುದ್ಧ. ಮೇಲಿನಿಂದ ಇಳಿದ ನೀರು ಅದರ ಮೇಲೆ ನಿಂತು ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಕುಳಿ ತೋಡುವಾಗ ಯಾವ ಆಳದಲ್ಲಿ ಯಾವ ಪದರ ಸಿಕ್ಕಿತೆಂದು ಗುರುತು ಹಾಕಿಕೊಳ್ಳುವುದು ಅಗತ್ಯ.

ಪರೀಕ್ಷೆಯ ಕಾಲವೂ ಮುಖ್ಯ. ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಗಳಲ್ಲಿ ಏಪ್ರಿಲ್‌ನಲ್ಲಿ ತಳ ಕಾಣುವ ಬಾವಿ ಜುಲೈಯಲ್ಲಿ ಕೈಗೆಟಕುವಷ್ಟು ತುಂಬಿರುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಗುಂಡಿಯ ತಳ ಆಗ ಅಂತರ್ಜಲದಲ್ಲೇ ಮುಳುಗಿರುತ್ತದೆ. ಶೋಧಿಸಲು ನಡುವೆ ಮಣ್ಣೇ ಉಳಿದಿರುವುದಿಲ್ಲ. ಬೇರೆಡೆ ಮಣ್ಣಿನ ಬೂದು ಕಲೆಗಳನ್ನು ಕಂಡು ಮಳೆಗಾಲದ ನೀರಿನ ಮಟ್ಟ ಊಹಿಸಬಹುದು. ಶೇಡಿಮಣ್ಣಿನಲ್ಲಿ ಬಿಳಿ, ನೇರಳೆ ಕಲೆಗಳು ಸಹಜವಾದ್ದರಿಂದ ಇಲ್ಲಿ ಆ ಉಪಾಯ ನಡೆಯದು. ನೆರೆಯ ಬಾವಿಯಲ್ಲಿ ಮಳೆಗಾಲದ ನೀರು ಎಲ್ಲಿಯವರೆಗೆ ಏರುತ್ತದೆಂದು ಹಿರಿಯರನ್ನು ಕೇಳುವುದೇ ಲೇಸು. ಕಡಲ ಬದಿಯ ಮರಳು ನೆಲದಲ್ಲೂ ಇದೇ ಎಚ್ಚರ ಬೇಕು.

ಮಾನಕದ ಪ್ರಕಾರ ಇಂಗಿಸುವ ಜಾಗಕ್ಕೂ ಬಾವಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕು. ಐದು ಸೆಂಟ್ಸ್ ಚೌಕ ನಿವೇಶನದ ಒಂದು ಬದಿ ಸುಮಾರು 14 ಮೀಟರ್, ಕರ್ಣ 20 ಮೀಟರ್ ಮಾತ್ರ. ಮೂಲೆಯಿಂದ ಮೂಲೆಗೆ ಹೇಗೋ ಹೊಂದಿಸಿದರೂ ಆವರಣಗೋಡೆಯಾಚೆ ನೆರೆಯವರ ಬಾವಿ ಇರಬಹುದು. ಅದನ್ನು ಅಳೆಯದೆ ಗುಂಡಿಯ ಜಾಗ ನಿರ್ಧರಿಸುವಂತಿಲ್ಲ. ಇಳಿಜಾರಿನಲ್ಲಿ ಬಾವಿಗಿಂತ ತಗ್ಗಿನ ಕಡೆಯೇ ಗುಂಡಿಗೆ ತಕ್ಕ ಸ್ಥಳ.

ನೀರು ಮೇಲೆಯೇ ನಿಲ್ಲುವ ಜಾಗದಲ್ಲಿ ಹೊರಗಿನಿಂದ ಮಣ್ಣು ತಂದು ದಿಬ್ಬ ಮಾಡಿ ಇಂಗುಚರಂಡಿಯನ್ನು ನೆಲಮಟ್ಟಕ್ಕಿಂತ ಎತ್ತರದಲ್ಲಿ ನಿರ್ಮಿಸಬಹುದು. ಖರ್ಚು ಹೆಚ್ಚು. ಈಗಾಗಲೇ ಗುಂಡಿ ತೋಡಿರುವವರು ಮಳೆ ಬಿರುಸಾದ ಬಳಿಕ, ಜೂನ್ ಅಥವಾ ಜುಲೈಯಲ್ಲಿ, ಬಾವಿನೀರನ್ನು ಕೋಲಿಫಾರ್ಮ್ ಪರೀಕ್ಷೆಗೆ ಕಳುಹಿಸುವುದು ಉಚಿತ. ಅಲ್ಲಿಯವರೆಗೆ ನೀರನ್ನು ಕುದಿಸಿಯೇ ಕುಡಿಯಬೇಕು. ಬ್ಲೀಚಿಂಗ್ ಪುಡಿ ಹಾಕಿದ ಬಾವಿಗೂ ಗುಂಡಿಯ ನೀರು ಮತ್ತೆ ಬಂದು ಸೇರುತ್ತಲೇ ಇರುತ್ತದೆ.