ಹಸಿಹಿಮಪಾತ ಮತ್ತು ಕಾಶ್ಮೀರ ಕಣಿವೆಯ ಸೇಬಿನ ತೋಟಗಳು

ಉಷ್ಣಾಂಶವು ಶೂನ್ಯ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವಾಗ ಭಾಗಶಃ ಕರಗಿ, ನೀರಿನಂಶದೊಡನೆ ಬೀಳುವ ಹಿಮವನ್ನು ಹಸಿಹಿಮ ಎನ್ನಲಾಗುತ್ತದೆ. ಒಣಹಿಮವು ಗಾಳಿಗೆ ಉದುರಿಹೋಗುತ್ತದೆ. ಹಸಿಹಿಮವಾದರೋ ಎಲೆ, ಕೊಂಬೆ ಹಾಗೂ ವಿದ್ಯುತ್ ತಂತಿಗಳಿಗೆ ಅಂಟಿಕೊಳ್ಳುತ್ತದೆ. 30 ಸೆಂ.ಮೀ. ದಪ್ಪದ ಹಸಿಹಿಮದ ಭಾರವು ಪ್ರತಿ ಚದರ ಮೀಟರಿಗೆ 60 ಕಿ.ಗ್ರಾಂ. ಮೀರಬಹುದು. ಆಗತಾನೆ ಬಿದ್ದ ಅಷ್ಟೇ ದಪ್ಪದ ಒಣಹಿಮವು ಸಾಮಾನ್ಯವಾಗಿ ಇದರ ಅರ್ಧದಷ್ಟೂ ತೂಗುವುದಿಲ್ಲ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ‘ಚಿಲ್ಲೈ ಕಲಾನ್’ ಅವಧಿಯ ಹಿಮಪಾತವನ್ನು ಬೆಳೆಗಾರರು ಸ್ವಾಗತಿಸುತ್ತಾರೆ. ಆ ವೇಳೆಗೆ ಮರಗಳು ಎಲೆಯುದುರಿಸಿ ಬರಿದಾಗಿರುತ್ತವೆ. ಬೆಟ್ಟದ ಮೇಲಿನ ಹಿಮವೇ ಮುಂದೆ ಬೇಸಿಗೆಯ ನೀರು. ನವೆಂಬರ್ ಮೊದಲ ವಾರದ ಹಿಮಪಾತದ ಪರಿಣಾಮವೇ ಬೇರೆ. 2018 ಮತ್ತು 2019ರಲ್ಲಿ, ಸತತ ಎರಡು ವರ್ಷ, ಹೀಗೆ ಅಕಾಲದಲ್ಲಿ ಹಿಮ ಸುರಿಯಿತು. ಶೋಪಿಯಾನ್, ಪುಲ್ವಾಮಾ, ಕುಲ್ಗಾಂ ಜಿಲ್ಲೆಗಳ ತೋಟಗಳಲ್ಲಿ ಎಲೆಗಳಿನ್ನೂ ಉದುರಿರಲಿಲ್ಲ. ಕೆಲವೆಡೆ ಹಣ್ಣಿನ ಕೊಯ್ಲೂ ಮುಗಿದಿರಲಿಲ್ಲ. ಎಲೆಯ ಮೇಲೆ ನಿಂತ ಹಿಮದ ಭಾರಕ್ಕೆ ಕೊಂಬೆಗಳು ಮುರಿದವು, ಹಲವು ಮರಗಳು ಕವಲಿನಲ್ಲಿಯೇ ಸೀಳಿದವು. ವಿದ್ಯುತ್ ಪೂರೈಕೆ ಕಡಿತಗೊಂಡು, ಶ್ರೀನಗರ–ಜಮ್ಮು ಹೆದ್ದಾರಿಯಲ್ಲಿ ಸಂಚಾರ ಸ್ಥಗಿತವಾಯಿತು. ರಸ್ತೆಯನ್ನು ದಿನಗಳಲ್ಲಿ ತೆರವುಗೊಳಿಸಬಹುದು. ಹಳೆಯ ಪದ್ಧತಿಯಲ್ಲಿ ಬೆಳೆಸಿದ ಸೇಬಿನ ಮರವಾದರೆ ಪೂರ್ಣ ಫಸಲಿಗೆ ಬರಲು ಎಂಟು-ಹತ್ತು ವರ್ಷಗಳಾದರೂ ಬೇಕು.

ಹಿಮ ಬೀಳುತ್ತಿರುವಾಗಲೇ ಉದ್ದನೆಯ ಕೋಲಿನಿಂದ ಕೊಂಬೆಗಳನ್ನು ಮೃದುವಾಗಿ ಅಲುಗಿಸಿ ಹಿಮವನ್ನು ಕೆಡವತಕ್ಕದ್ದು. ಭಾಗಶಃ ಸೀಳಿದ ಕವಲುಗಳನ್ನು ಕೂಡಲೇ ಜೋಡಿಸಿ, ಹಗ್ಗದಿಂದ ಬಿಗಿದು ಆಧಾರ ಕೊಡಬೇಕು. ಪೂರ್ಣ ಮುರಿದ ಕೊಂಬೆಯನ್ನು ನಯವಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಲೇಪಿಸುವುದು ಸೂಕ್ತ.